ಮಿದುಳಿನ ಅಲೆ ಕಂಡವನು ಸಹಿ ಹಾಕಿದ ಕಾಗದಗಳು

ಇಇಜಿ ಮಾಡಿಸುವ ಮುನ್ನ ತಲೆಗೆ ಎಣ್ಣೆ ಹಚ್ಚಬಾರದು, ಚೆನ್ನಾಗಿ ತೊಳಕೊಂಡು ಬರಬೇಕು ಅಂತ ವಿಜಯಪುರದ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ತಿಕೋಟಾದ ನಮ್ಮ ಮನೆಯಲ್ಲಿ ಆಯಿಯನ್ನು ಇದಕ್ಕೆ ಒಪ್ಪಿಸುವುದೇ ಅರ್ಧ ದಿನದ ಕೆಲಸವಾಯ್ತು. ಎಂಬತ್ತು ದಾಟಿದ ಜೀವ, ಎಣ್ಣೆ ಕಾಣದ ತಲೆಯಲ್ಲಿ ಊರ ಹೊರಗೆ ಹೋದದ್ದೇ ಇಲ್ಲ. ಎರಡು ವರ್ಷದಿಂದ ಆಕೆಗೆ ಮರೆವು. ಉಂಡದ್ದು ನೆನಪಿರಲ್ಲ. ನನ್ನನ್ನು ತೀರಿಹೋದ ನಮ್ಮಪ್ಪನ ಹೆಸರಿನಿಂದ ಕರೀತಾಳೆ. ಸಂಜೆಯಾದರೆ ಬಬಲೇಶ್ವರಕ್ಕೆ ಹೋಗಬೇಕು, ಅಪ್ಪ ದಾರಿ ಕಾಯ್ತಿರ್ತಾನೆ ಅಂತ ಚೀಲ ಹಿಡಿದು ಬಾಗಿಲಿಗೆ ಬರ್ತಾಳೆ. ಬಬಲೇಶ್ವರ ಆಕೆಯ ತವರು. ಆ ಅಪ್ಪ ಹೋಗಿ ಐವತ್ತು ವರ್ಷದ ಮೇಲಾಯ್ತು. ನಡುನಡುವೆ ಒಂದೆರಡು ನಿಮಿಷ ಗೋಡೆ ನೋಡುತ್ತಾ ಸುಮ್ಮನೆ ಕೂತುಬಿಡ್ತಾಳೆ. ಅದು ಮೂರ್ಛೆರೋಗದ ಒಂದು ಬಗೆಯೋ ಅಲ್ಲವೋ ತಿಳಿಯಲಿ ಅಂತ ಡಾಕ್ಟರು ಇಇಜಿ ಬರೆದಿದ್ದರು.

ಟೆಕ್ನಿಷಿಯನ್ ಹುಡುಗಿ ಆಯಿಯ ಕೂದಲು ಬಿಡಿಸಿ, ಪೇಸ್ಟ್ ಹಚ್ಚಿ ಒಂದೊಂದೇ ತಂತಿ ಅಂಟಿಸಿದಳು. ಕಣ್ಣು ಮುಚ್ರಿ ಅಂದಳು. ಪರದೆಯ ಮೇಲೆ, ತಲೆಯ ಹಿಂಭಾಗದ ತಂತಿಗಳ ಗೆರೆಗಳು ಬಾಚಣಿಗೆ ಹಲ್ಲಿನ ಹಾಗೆ ಒಂದೇ ಸಮನೆ ಏರಿಳಿಯತೊಡಗಿದವು. ಈಗ ತೆಗೀರಿ ಅಂದಳು. ಗೆರೆ ಚಪ್ಪಟೆಯಾಯ್ತು. ಮತ್ತೆ ಮುಚ್ಚಿಸಿದಳು, ಅಲೆ ವಾಪಸ್ ಬಂತು.

ಹೊರಗೆ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಂದು ತುದಿಯಲ್ಲಿ ಕಾಕಾ, ಇನ್ನೊಂದು ತುದಿಯಲ್ಲಿ ಅತ್ತಿ. ಆಯಿಯ ಹೆಸರಿನಲ್ಲಿ ನಾಲ್ಕು ಎಕರೆ ದ್ರಾಕ್ಷಿ ತೋಟವಿದೆ. ಅದನ್ನು ಕಾಕಾನಿಗೆ ಬರೆದುಕೊಡುವ ದಾನಪತ್ರದ ಕರಡು ಆಗಲೇ ತಯಾರಾಗಿತ್ತು, ಬೇಕಿದ್ದದ್ದು ಆಯಿಯ ಹೆಬ್ಬೆಟ್ಟು. ತಲೆ ನೆಟ್ಟಗಿದೆ ಅಂತ ರಿಪೋರ್ಟ್ ಬರಲಿ ಅಂತ ಕಾಕಾ, ಇಲ್ಲ ಅಂತ ಬರಲಿ ಅಂತ ಅತ್ತಿ. ನನಗೂ ಆ ತೋಟದಲ್ಲಿ ಆಸೆಯಿದೆ, ಹಾಗಾಗಿ ನಾನು ನಡುವಿನವನು ಅಂತ ಹೇಳಿಕೊಳ್ಳಲ್ಲ. ಆದರೆ ಆವತ್ತು ರಾತ್ರಿ ಈ ಯಂತ್ರ ನಿಜಕ್ಕೂ ಏನು ಹೇಳುತ್ತದೆ ಅಂತ ಓದಲು ಕೂತವನಿಗೆ ಸಿಕ್ಕಿದ್ದು ಅದನ್ನು ಹುಟ್ಟುಹಾಕಿದ ಮನುಷ್ಯ, ಹಾನ್ಸ್ ಬರ್ಗರ್. ಕಣ್ಣು ಮುಚ್ಚಿ-ತೆಗೆಯುವ ಆ ಪರೀಕ್ಷೆ ಆತನದೇ.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಜರ್ಮನಿಯ ಕೋಬುರ್ಗ್ ಪಕ್ಕದ ನೊಯ್ಸೆಸ್‌ನಲ್ಲಿ. ಅಪ್ಪ ಡಾಕ್ಟರು. ಅವ್ವನ ಅಪ್ಪ ಫ್ರೀಡ್ರಿಷ್ ರೂಕರ್ಟ್ ಆ ದೇಶದ ಹೆಸರಾಂತ ಕವಿ. ಸಂಸ್ಕೃತ, ಪಾರ್ಸಿ, ಅರಬ್ಬಿ ಕಲಿತು, ನಮ್ಮ ನಳ-ದಮಯಂತಿಯ ಕತೆಯನ್ನು 1828ರಲ್ಲೇ ಜರ್ಮನ್ ಪದ್ಯಕ್ಕೆ ತಂದವನು. ಒಬ್ಬರ ಮನಸ್ಸಿನಲ್ಲಿದ್ದದ್ದನ್ನು ಹಂಸವೊಂದು ಹಾರಿಹೋಗಿ ಇನ್ನೊಬ್ಬರಿಗೆ ಮುಟ್ಟಿಸುವ ಕತೆಯದು. ಮೊಮ್ಮಗ ಜೀವನವಿಡೀ ಆ ಹಂಸವನ್ನೇ ಹುಡುಕಿದ ಅಂದರೆ ಸ್ವಲ್ಪ ಅತಿಯಾದೀತು. ಆದರೂ ಮುಂದಿನದ್ದು ಕೇಳಿ.

ಖಗೋಳಶಾಸ್ತ್ರ ಓದಲು ಯೂನಿವರ್ಸಿಟಿಗೆ ಹೋದ ಹುಡುಗ ಒಂದೇ ಸೆಮಿಸ್ಟರಿಗೆ ಬಿಟ್ಟು, ಒಂದು ವರ್ಷದ ಸೈನ್ಯಸೇವೆಗೆ ಸೇರಿದ. ಕವಾಯತಿನಲ್ಲಿ ಕುದುರೆ ಬೆದರಿ ಆತನನ್ನು ಕೆಡವಿತು. ಬಿದ್ದದ್ದು ಫಿರಂಗಿ ಗಾಡಿಯ ದಾರಿಯಲ್ಲಿ. ಗಾಲಿ ಇನ್ನೇನು ಮೈಮೇಲೆ ಹಾಯಬೇಕು ಅನ್ನುವಾಗ ಗಾಡಿ ನಿಂತಿತು. ಅದೇ ದಿನ ದೂರದ ಊರಲ್ಲಿದ್ದ ಅಕ್ಕನಿಗೆ ಇದ್ದಕ್ಕಿದ್ದಂತೆ ತಮ್ಮನಿಗೇನೋ ಆಗಿದೆ ಅನ್ನಿಸಿ, ಹಟ ಹಿಡಿದು ಅಪ್ಪನಿಂದ ತಂತಿ ಕಳಿಸಿದಳು. ಆ ತಂತಿ ಕೈಗೆ ಬಂದಾಗ ಬರ್ಗರ್‌ಗೆ ಅದು ಕಾಕತಾಳೀಯ ಅನ್ನಿಸಲೇ ಇಲ್ಲ. ತನ್ನ ಭಯ ಯಾವುದೋ ಶಕ್ತಿಯಾಗಿ ತಲೆಯಿಂದ ಹೊರಟು ಅಕ್ಕನ ತಲೆ ಸೇರಿತು ಅಂತಲೇ ಕೊನೆವರೆಗೂ ನಂಬಿದ. ಹಾಗಿದ್ದರೆ ಆ ಶಕ್ತಿಯನ್ನು ಅಳೆಯಲು ಆಗಬೇಕಲ್ಲ? ಖಗೋಳ ಬಿಟ್ಟು ವೈದ್ಯಕೀಯಕ್ಕೆ ಬಂದ. ಇಂಥ ನಂಬಿಕೆಯನ್ನು ನಾವು ಇವತ್ತು ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕ್ತೀವಿ, ಸರಿಯೇ. ಆದರೆ ಅದನ್ನು ಹಿಡಿದು ಮೂವತ್ತು ವರ್ಷ ಅಳತೆ ಮಾಡುತ್ತಾ ಕೂತ ಮನುಷ್ಯರು ಕಡಿಮೆ.

1897ರಲ್ಲಿ ಯೇನಾ ಊರಿನ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿದ ಬರ್ಗರ್ ನಾಲ್ಕು ದಶಕ ಅಲ್ಲೇ ಇದ್ದ. ಅಲ್ಲಿನ ಮುಖ್ಯಸ್ಥ ಓಟೋ ಬಿನ್ಸ್‌ವಾಂಗರ್. ಮಿದುಳಿನ ರಕ್ತನಾಳ ಕೆಟ್ಟು ಬರುವ ಒಂದು ಬಗೆಯ ಮರೆವಿನ ಕಾಯಿಲೆಗೆ ಇವತ್ತಿಗೂ ಅವರದೇ ಹೆಸರಿದೆ. ಶಿಷ್ಯ ಮೊದಲು ಮಿದುಳಿನ ರಕ್ತಸಂಚಾರ ಅಳೆದ, ಆಮೇಲೆ ಮಿದುಳಿನ ಉಷ್ಣತೆ ಅಳೆದ. ಯೋಚನೆ ಮಾಡುವಾಗ ರಕ್ತ ಎಷ್ಟು ಹೆಚ್ಚು ಹರಿಯುತ್ತದೆ ಅನ್ನುವುದು ಇವತ್ತಿನ ಎಫ್‌ಎಂಆರ್‌ಐ ಸ್ಕ್ಯಾನಿನ ಮೂಲ ಲೆಕ್ಕ. ಆ ಜಾಡನ್ನು ಆತ 1900ರ ಆಸುಪಾಸಿನಲ್ಲೇ ಹಿಡಿದಿದ್ದ. ಎರಡರಲ್ಲೂ ಹೇಳಿಕೊಳ್ಳುವಂಥದ್ದು ಕೈಗೆ ಹತ್ತಲಿಲ್ಲ. 1911ರಲ್ಲಿ ಮದುವೆ, ನಾಲ್ಕು ಮಕ್ಕಳು, ಮಹಾಯುದ್ಧದಲ್ಲಿ ಸೈನ್ಯದ ಮನೋವೈದ್ಯನಾಗಿ ಕೆಲಸ, 1919ರಲ್ಲಿ ಗುರುವಿನ ಕುರ್ಚಿ. ಹೊರಗಿನವರಿಗೆ ಕಂಡದ್ದು ಗಡಿಯಾರದ ಮುಳ್ಳಿನ ಹಾಗೆ ನಡೆಯುವ, ನಗದ, ಯಾರ ಜೊತೆಗೂ ಬಿಚ್ಚಿ ಮಾತಾಡದ ಪ್ರೊಫೆಸರ್. ಸಂಜೆ ಆತ ಸಣ್ಣ ಲ್ಯಾಬೊಂದರಲ್ಲಿ ಏನು ಮಾಡ್ತಾನೆ ಅನ್ನುವುದು ಸಹೋದ್ಯೋಗಿಗಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮಾಡುತ್ತಿದ್ದದ್ದು ಇದು. ಪ್ರಾಣಿಗಳ ಮಿದುಳಿನಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ ಅಂತ ಇಂಗ್ಲೆಂಡಿನ ರಿಚರ್ಡ್ ಕೇಟನ್ 1875ರಲ್ಲೇ ತೋರಿಸಿದ್ದ. ಮನುಷ್ಯನಲ್ಲಿ ಯಾರೂ ಹಿಡಿದಿರಲಿಲ್ಲ. 1924ರ ಜುಲೈ 6ರಂದು, ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 17 ವರ್ಷದ ಹುಡುಗನೊಬ್ಬನಲ್ಲಿ, ಬರ್ಗರ್‌ನ ಗ್ಯಾಲ್ವನೋಮೀಟರಿನ ಎಳೆ ಸಣ್ಣಗೆ ನಡುಗಿತು.

ಎಷ್ಟು ಸಣ್ಣಗೆ? ನೆತ್ತಿಯ ಮೇಲೆ ಸಿಗುವ ಅಲೆ ಸುಮಾರು 50 ಮೈಕ್ರೋವೋಲ್ಟ್. ಟಾರ್ಚಿನ ಒಂದು ಸೆಲ್ ಅದರ 30 ಸಾವಿರ ಪಟ್ಟು. ಜೊತೆಗೆ ಹೃದಯದ ವಿದ್ಯುತ್ತು, ಕಣ್ಣು ಮಿಟುಕಿಸಿದ್ದು, ಹಲ್ಲು ಕಚ್ಚಿದ್ದು ಎಲ್ಲ ಅದೇ ತಂತಿಯಲ್ಲಿ ಬರುತ್ತವೆ. ವಿಜಯಪುರದವರಿಗೆ ಇದನ್ನು ಹೇಳುವುದು ಸುಲಭ: ಗೋಳಗುಮ್ಮಟದ ಗ್ಯಾಲರಿಯಲ್ಲಿ ಟ್ರಿಪ್ಪಿಗೆ ಬಂದ ಶಾಲೆ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿರುವಾಗ, ಎದುರು ಗೋಡೆಯ ಹತ್ತಿರ ಒಬ್ಬರು ಪಿಸುಗುಟ್ಟಿದ್ದನ್ನು ಹೆಕ್ಕಬೇಕು. ಹಾಗಾಗಿ ಬರ್ಗರ್ ತನ್ನನ್ನೇ ನಂಬಲಿಲ್ಲ. ಯುದ್ಧದಲ್ಲಿ ಬುರುಡೆ ಒಡೆದುಕೊಂಡವರ ಮೇಲೆ, ಆರೋಗ್ಯವಂತರ ಮೇಲೆ, ತನ್ನ ಮಗ ಕ್ಲೌಸ್ ಮೇಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿದ. ಹೃದಯದ ಬಡಿತವನ್ನು ಪಕ್ಕದಲ್ಲೇ ದಾಖಲಿಸಿ, ಇದು ಅದಲ್ಲ ಅಂತ ಖಾತ್ರಿ ಮಾಡಿಕೊಂಡ. ಐದು ವರ್ಷ ತುಟಿ ಬಿಚ್ಚಲಿಲ್ಲ. ನಡುವೆ ಯೇನಾ ಯೂನಿವರ್ಸಿಟಿಯ ರೆಕ್ಟರ್ ಕೂಡ ಆಗಿದ್ದ. 1929ರಲ್ಲಿ ಮೊದಲ ಲೇಖನ ಬಂತು. ಮುಂದಿನ ಒಂಬತ್ತು ವರ್ಷ ಅದೇ ತಲೆಬರಹದಲ್ಲಿ, ಅದರ ಮುಂದುವರಿಕೆಯಾಗಿ ಹದಿಮೂರು ಲೇಖನ ಬಂದವು. ಮನುಷ್ಯ ಎಂಥವನು ಅಂತ ತಿಳಿಯಲು ಇದೊಂದೇ ಸಾಕು.

ಕಂಡದ್ದೇನು ಅಂದರೆ, ಕಣ್ಣು ಮುಚ್ಚಿ ಸುಮ್ಮನೆ ಕೂತವನ ತಲೆಯ ಹಿಂಭಾಗದಿಂದ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆ. ಅದಕ್ಕೆ ಆಲ್ಫಾ ಅಂತ ಹೆಸರಿಟ್ಟ. ಕಣ್ಣು ತೆರೆದರೆ ಅದು ಮಾಯ. ಕಣ್ಣು ಮುಚ್ಚಿದ್ದರೂ ಮನಸ್ಸಿನಲ್ಲೇ ಕಠಿಣ ಲೆಕ್ಕ ಮಾಡಲು ಹೇಳಿದರೆ, ಕೈಮೇಲೆ ಏನಾದರೂ ತಾಗಿಸಿದರೆ, ಆಗಲೂ ಕುಗ್ಗುತ್ತಿತ್ತು. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೀನಿ: ಕೆಲಸವಿಲ್ಲದಾಗ ಲಕ್ಷಾಂತರ ಜೀವಕೋಶಗಳು ಭಜನೆಯವರ ಹಾಗೆ ಒಂದೇ ತಾಳ ಹಾಕ್ತವೆ. ನೋಡುವ, ಎಣಿಸುವ ಕೆಲಸ ಬಂದ ಕೂಡಲೇ ಒಬ್ಬೊಬ್ಬರೇ ತಂತಮ್ಮ ಕೆಲಸಕ್ಕೆ ಎದ್ದು ಹೋಗ್ತಾರೆ, ತಾಳ ಮುರೀತದೆ. ಗಮನ ಅನ್ನುವುದು, ಅಲ್ಲಿಯವರೆಗೆ ಕವಿಗಳ, ಯೋಗಿಗಳ, ಮೇಷ್ಟ್ರುಗಳ ಮಾತಾಗಿದ್ದದ್ದು, ಮೊದಲ ಸಲ ಕಾಗದದ ಮೇಲೆ ಗೆರೆಯಾಗಿ ಬಿತ್ತು. ಅಕ್ಕನಿಗೆ ತಂತಿ ಕಳಿಸುವಂಥ ಶಕ್ತಿ ಮಾತ್ರ ಅದರಲ್ಲಿ ಇರಲಿಲ್ಲ. ನೆತ್ತಿಗೇ ಕಷ್ಟಪಟ್ಟು ಮುಟ್ಟುವ ಅಲೆ ಊರು ದಾಟುವುದೆಲ್ಲಿ?

ಜರ್ಮನಿಯಲ್ಲಿ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್, ಅಷ್ಟರಲ್ಲಾಗಲೇ ನೊಬೆಲ್ ಪಡೆದಿದ್ದವರು, ತಮ್ಮದೇ ತಲೆಗೆ ತಂತಿ ಹಚ್ಚಿಕೊಂಡು ಅದೇ ಅಲೆ ತೋರಿಸಿ, ಇದು ಬರ್ಗರ್‌ನ ಲಯ ಅಂದಮೇಲೆ ಜಗತ್ತು ನಂಬಿತು. ಅಷ್ಟರೊಳಗೆ ಬರ್ಗರ್ ಮರೆವಿನ ರೋಗಿಗಳತ್ತಲೂ ತಂತಿ ಒಯ್ದಿದ್ದ. 1930ರ ದಶಕದ ಆರಂಭದಲ್ಲೇ, ಸತ್ತ ಮೇಲೆ ಮಿದುಳು ಸೀಳಿ ಅಲ್ಜೈಮರ್ ಅಂತ ಖಚಿತವಾದ ರೋಗಿಯೊಬ್ಬರ ಅಲೆಗಳು ಬದುಕಿದ್ದಾಗಲೇ ಕೆಟ್ಟಿದ್ದವು ಅಂತ ದಾಖಲಿಸಿದ. ಕಾಯಿಲೆ ಬಲಿತಂತೆ ಹತ್ತರ ತಾಳ ಎಂಟಕ್ಕೆ, ಏಳಕ್ಕೆ ಇಳಿಯುತ್ತದೆ ಅಂತ ಈಗ ನರರೋಗ ತಜ್ಞರಿಗೆಲ್ಲ ಗೊತ್ತು.

ಆ ಎಳೆ ನೇರವಾಗಿ ಬೆಂಗಳೂರಿಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಪ್ರತಿಮ್ ರೇ ಅವರ ತಂಡ 50ರ ಆಸುಪಾಸಿನವರು ಮತ್ತು ಅದಕ್ಕಿಂತ ಹಿರಿಯರ ತಲೆಗೆ ಇಇಜಿ ಹಚ್ಚಿ, ಪರದೆಯ ತುಂಬ ಕಪ್ಪು-ಬಿಳುಪು ಪಟ್ಟೆಗಳನ್ನು ತೋರಿಸಿತು. ಪಟ್ಟೆ ನೋಡುವಾಗ ಮಿದುಳಿನಲ್ಲಿ ಆಲ್ಫಾಗಿಂತ ತುಂಬಾ ವೇಗದ, ಸೆಕೆಂಡಿಗೆ 20ರಿಂದ 66 ಸಲ ಮಿಡಿಯುವ ಗಾಮಾ ಅಲೆ ಏಳುತ್ತದೆ. ಮರೆವಿನ ಮೊದಲ ಹಂತದಲ್ಲಿರುವವರಲ್ಲಿ, ಅದೇ ವಯಸ್ಸಿನ ಇತರರಿಗಿಂತ, ಈ ಅಲೆ ಸೊರಗಿರುತ್ತದೆ ಅಂತ 2021ರಲ್ಲಿ ಅವರು ಪ್ರಕಟಿಸಿದರು. ನೆನಪು ಕೇಳುವ ಪ್ರಶ್ನೆ ಒಂದೂ ಬೇಡ, ಬರೀ ಪಟ್ಟೆ ನೋಡಿದರೆ ಸಾಕು. ಓದು ಬರಹ ಇಲ್ಲದ ನಮ್ಮ ಆಯಿಯಂಥವರಿಗೆ ಇದರ ಬೆಲೆ ಏನು ಅಂತ ಯೋಚಿಸಿ: ಇವತ್ತು ಯಾವ ತಾರೀಖು, ನೂರರಿಂದ ಏಳೇಳು ಕಳೀರಿ ಅನ್ನುವ ಪರೀಕ್ಷೆಗಳಲ್ಲಿ ಆಕೆ ಮೂವತ್ತನೇ ವಯಸ್ಸಿನಲ್ಲೂ ಫೇಲಾಗುತ್ತಿದ್ದಳು. ಆದರೆ ಆ ಅಧ್ಯಯನದಲ್ಲಿ ಕಾಯಿಲೆ ಇದ್ದವರು 20 ಮಂದಿಯೊಳಗೆ. ಇನ್ನೂ ಸುಳಿವು ಅನ್ನಬಹುದು, ರೋಗ ಹೇಳುವ ಅಳತೆಗೋಲು ಅನ್ನಲಾಗದು. ದೇಶದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ, ಹೆಂಗಸರಲ್ಲೂ ಹಳ್ಳಿಗಳಲ್ಲೂ ಹೆಚ್ಚು ಅಂತ 2023ರಲ್ಲಿ ಪ್ರಕಟವಾದ ಅಂದಾಜು. ನಮ್ಮೂರ ಲೆಕ್ಕದಲ್ಲಿ ಅದಕ್ಕೆ ಅರವತ್ತರ ಅರಳು ಮರಳು ಅಂತ ಒಂದೇ ಹೆಸರು, ಅಷ್ಟಕ್ಕೇ ಕೇಸ್ ಖಲಾಸ್.

ಈಗ ಬರ್ಗರ್‌ನ ಬದುಕಿನ ಇನ್ನೊಂದು ಮಗ್ಗುಲು. ಬಹುಕಾಲ ಆತನನ್ನು ನಾಜಿಗಳು ಕಾಡಿ ಕೊಂದ ಸಂತ ಅಂತಲೇ ಬರೆಯಲಾಗುತ್ತಿತ್ತು. 1938ರಲ್ಲಿ ನಿವೃತ್ತಿ ಮಾಡಿಸಿ ಲ್ಯಾಬ್ ಮುಚ್ಚಿಸಿದರು, ಖಿನ್ನತೆಯಲ್ಲಿ 1941ರ ಜೂನ್ 1ರಂದು ತನ್ನ ಬದುಕನ್ನು ತಾನೇ ಕೊನೆಗೊಳಿಸಿಕೊಂಡ ಅಂತ. ಖಿನ್ನತೆ ನಿಜ, ಸಾವು ನಿಜ. ಉಳಿದದ್ದು ಅಷ್ಟು ಸರಳವಿಲ್ಲ ಅಂತ ಯೇನಾದ ಕಡತಗಳನ್ನು ತೆಗೆದವರಿಗೆ ಗೊತ್ತಾಯ್ತು. 2014ರಲ್ಲಿ ಅದರ ವಿವರ ಇಂಗ್ಲಿಷಿನ ವೈದ್ಯ ಪತ್ರಿಕೆಯಲ್ಲೂ ಬಂತು.

ಹಿಟ್ಲರ್ ಅಧಿಕಾರಕ್ಕೆ ಬಂದ ಆರು ತಿಂಗಳಲ್ಲಿ, 1933ರ ಜುಲೈ 14ರಂದು, ಒಂದು ಕಾನೂನು ಬಂತು. ಹುಟ್ಟು ಬುದ್ಧಿಮಾಂದ್ಯರು, ಸ್ಕಿಜೋಫ್ರೇನಿಯಾ ಇರುವವರು, ಮೂರ್ಛೆರೋಗಿಗಳು, ಹುಟ್ಟುಕುರುಡರು, ಹುಟ್ಟುಕಿವುಡರು, ವಿಪರೀತ ಕುಡಿಯುವವರು, ಇವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ. ಎಮರ್ಜೆನ್ಸಿಯ ಕತೆ ಮನೆಯಲ್ಲಿ ಕೇಳಿದವರಿಗೆ ಈ ಪದ ಹೊಸದಲ್ಲ. ಯಾರಿಗೆ ಮಾಡಬೇಕು ಅಂತ ತೀರ್ಮಾನಿಸಲು ಅನುವಂಶಿಕ ಆರೋಗ್ಯ ನ್ಯಾಯಾಲಯಗಳಿದ್ದವು: ಒಬ್ಬ ಜಡ್ಜ್, ಇಬ್ಬರು ಡಾಕ್ಟರು. ತೀರ್ಪು ಒಪ್ಪದವರು ಮೇಲಿನ ಕೋರ್ಟಿಗೆ ಹೋಗಬಹುದಿತ್ತು. ಯೇನಾದ ಆ ಮೇಲಿನ ಕೋರ್ಟಿನಲ್ಲಿ, ನನ್ನನ್ನು ಬಿಟ್ಟುಬಿಡಿ ಅಂತ ಬಂದವರ ಎದುರು ಡಾಕ್ಟರನಾಗಿ ಕೂತವರಲ್ಲಿ ಬರ್ಗರ್ ಒಬ್ಬ. ಆತ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ, ಆದರೆ ಎಸ್‌ಎಸ್‌ಗೆ ಹಣ ಕೊಡುವ ಬೆಂಬಲಿಗರ ಪಟ್ಟಿಯಲ್ಲಿದ್ದ. ಸಾಯುವ ಮೂರು ತಿಂಗಳ ಮುಂಚೆ, 1941ರ ಮಾರ್ಚಿನಲ್ಲಿ, ಮತ್ತೆ ಆ ಕೋರ್ಟಿಗೆ ಬರ್ತೀರಾ ಅಂತ ಕೇಳಿದಾಗ ಒಪ್ಪಿ ಪತ್ರ ಬರೆದ. ಆ ಕಾನೂನಿನಡಿ ಜರ್ಮನಿಯಲ್ಲಿ ಸುಮಾರು 4 ಲಕ್ಷ ಜನರಿಗೆ ಶಸ್ತ್ರಚಿಕಿತ್ಸೆಯಾಯ್ತು.

ಪಟ್ಟಿಯಲ್ಲಿ ಮೂರ್ಛೆರೋಗ ಇತ್ತು ಅನ್ನುವುದನ್ನು ಗಮನಿಸಿ. ಇಇಜಿಯಿಂದ ಜಗತ್ತಿನಲ್ಲಿ ಹೆಚ್ಚು ಉಪಕಾರವಾದದ್ದು ಮೂರ್ಛೆರೋಗಿಗಳಿಗೇ. ಇದು ಮೈಮೇಲೆ ದೆವ್ವ ಬಂದದ್ದಲ್ಲ, ಮಿದುಳಿನ ವಿದ್ಯುತ್ತು ಕ್ಷಣಕಾಲ ದಾರಿ ತಪ್ಪಿದ್ದು, ಮಾತ್ರೆಗೆ ಬಗ್ಗುತ್ತದೆ ಅಂತ ತೋರಿಸಿದ್ದು ಆ ಯಂತ್ರ. ಅದನ್ನು ಕಟ್ಟಿದ ಮನುಷ್ಯ ಅಂಥವರ ಅರ್ಜಿಗಳ ಎದುರು ಕೂತಿದ್ದ. ಐದು ವರ್ಷ ಒಂದು ಗೆರೆಯನ್ನು ನಂಬದೆ ಮತ್ತೆ ಮತ್ತೆ ಪರೀಕ್ಷಿಸಿದವನು ಇಲ್ಲಿ ಯಾವ ಅನುಮಾನವನ್ನೂ ಪಟ್ಟ ಹಾಗೆ ಕಾಣಲ್ಲ. ಆತ ರಾಕ್ಷಸನಾಗಿದ್ದರೆ ನಮಗೆಲ್ಲ ಅನುಕೂಲವಿತ್ತು. ಹಾಗಿರಲಿಲ್ಲ, ಹೊತ್ತಿಗೆ ಸರಿಯಾಗಿ ಬಂದು, ಕಡತ ಓದಿ, ಸಹಿ ಹಾಕಿ ಹೋಗುವ ಸಂಭಾವಿತ ಪ್ರೊಫೆಸರ್. ಯೇನಾದ ನರರೋಗ ವಿಭಾಗಕ್ಕೆ ಬಹಳ ವರ್ಷ ಆತನದೇ ಹೆಸರಿತ್ತು.

ಅದು ಜರ್ಮನಿ, ಅದು ಆ ಕಾಲ ಅನ್ನುವವರಿಗೆ ನಮ್ಮ ರಾಜ್ಯದ ಹೆಸರಿರುವ ಒಂದು ಕೇಸ್ ನೆನಪಿಸ್ತೀನಿ. ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ. 2000ದ ದಶಕದಲ್ಲಿ ಪೊಲೀಸರು ಆರೋಪಿಗಳಿಗೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡಿಸುತ್ತಿದ್ದರಲ್ಲ, ಟಿವಿಯಲ್ಲೆಲ್ಲ ಬರುತ್ತಿತ್ತು. ಅದರಲ್ಲಿ ಮೂರನೆಯದು ಬ್ರೈನ್ ಮ್ಯಾಪಿಂಗ್. ತಲೆಗೆ ಬರ್ಗರ್‌ನ ತಂತಿಗಳನ್ನೇ ಹಚ್ಚಿ, ಅಪರಾಧಕ್ಕೆ ಸಂಬಂಧಿಸಿದ ಪದ, ಚಿತ್ರ ತೋರಿಸ್ತಾರೆ. ಪರಿಚಯದ ವಸ್ತು ಕಂಡರೆ ಸುಮಾರು 300 ಮಿಲಿಸೆಕೆಂಡಿಗೆ ಒಂದು ಅಲೆ ಏಳುತ್ತದೆ, ಅದನ್ನು ಹಿಡಿದು ಇವನಿಗೆ ಗೊತ್ತಿತ್ತು ಅನ್ನೋದು. ಆ ಅಲೆ ಗಮನ ಸೆಳೆದದ್ದಕ್ಕೆ ಏಳುತ್ತದೆ ನಿಜ. ಆದರೆ ಆ ವಸ್ತುವನ್ನು ಕೊಲೆ ಮಾಡುವಾಗ ಕಂಡನೋ, ಪೇಪರಿನಲ್ಲಿ ಓದಿದನೋ, ಠಾಣೆಯಲ್ಲೇ ಪೊಲೀಸರ ಬಾಯಿಂದ ಕೇಳಿದನೋ ಅಂತ ಅಲೆ ಹೇಳಲ್ಲ. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಇಂಥ ಯಾವ ಪರೀಕ್ಷೆಯನ್ನೂ ಮಾಡುವಂತಿಲ್ಲ, ಅದು ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಕಾಯಿದೆ, ಮನೋರೋಗಕ್ಕೆ ಚಿಕಿತ್ಸೆ ಅಂತ ಸಂತಾನಹರಣ ಮಾಡುವುದನ್ನು ನಿಷೇಧಿಸಿತು. ಎರಡೂ ತೀರಾ ಇತ್ತೀಚಿನವು. ನಿಮ್ಮಲ್ಲಿ ಹೆಚ್ಚಿನವರು ಆಗಲೇ ಹುಟ್ಟಿದ್ದಿರಿ.

ಆಯಿಯ ರಿಪೋರ್ಟ್ ಮರುದಿನ ಬಂತು. ಮೂರ್ಛೆಯ ಗುರುತಿಲ್ಲ, ಹಿನ್ನೆಲೆಯ ಲಯ ನಿಧಾನವಾಗಿದೆ ಅಂತ ಎರಡು ಸಾಲು. ಕಾಕಾ ಮೊದಲ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ, ಅತ್ತಿ ಎರಡನೆಯದನ್ನು. ಇಬ್ಬರೂ ಅದನ್ನು ತಂತಮ್ಮ ವಕೀಲರಿಗೆ ವಾಟ್ಸಾಪ್ ಮಾಡಿದರು. ಡಾಕ್ಟರು ಮಾತ್ರ, ತಿಳಿದು ಹೆಬ್ಬೆಟ್ಟು ಒತ್ತುತ್ತಾಳೋ ಇಲ್ಲವೋ ಅನ್ನುವುದು ಈ ಕಾಗದದಲ್ಲಿಲ್ಲ, ಅದಕ್ಕೆ ಆಕೆಯ ಹತ್ತಿರ ಕೂತು ಮಾತಾಡಬೇಕು, ಒಂದು ಸಲ ಅಲ್ಲ ಹಲವು ಸಲ ಅಂದರು. ಕಾನೂನು ಹೇಳುವುದೂ ಹೆಚ್ಚುಕಡಿಮೆ ಅದನ್ನೇ. 1872ರ ಕರಾರು ಕಾಯಿದೆಯ 12ನೇ ಸೆಕ್ಷನ್ ಕೇಳುವುದು, ಕರಾರು ಮಾಡುವ ಹೊತ್ತಿನಲ್ಲಿ ಅದು ಏನು, ಅದರಿಂದ ತನಗೇನಾಗುತ್ತದೆ ಅಂತ ಆ ವ್ಯಕ್ತಿಗೆ ತಿಳಿಯುತ್ತಿತ್ತೇ ಅಂತ. ಹೆಚ್ಚಿನ ಹೊತ್ತು ತಿಳಿವಿಲ್ಲದವರಿಗೂ ತಿಳಿವಿರುವ ಗಳಿಗೆಗಳು ಇರುತ್ತವೆ ಅಂತ ಆ ಹಳೇ ಕಾಯಿದೆ ಒಪ್ಪಿಕೊಂಡಿದೆ.

ಆಯಿಗೆ ಅಂಥ ಗಳಿಗೆಗಳು ಬೆಳಿಗ್ಗೆ ಬರ್ತವೆ. ತೋಟದ ಯಾವ ಸಾಲಿಗೆ ಯಾವ ವರ್ಷ ಬಳ್ಳಿ ಹಚ್ಚಿದ್ದು, ಯಾವ ಬೋರು ಯಾವಾಗ ಬತ್ತಿತು, ಒಣದ್ರಾಕ್ಷಿಯ ರೇಟು ಯಾವ ವರ್ಷ ನೆಲಕಚ್ಚಿತು ಅಂತ ತಪ್ಪಿಲ್ಲದೆ ಹೇಳ್ತಾಳೆ. ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ಮುಂಜಾನೆ, ತಲೆಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿಲಿಗೆ ಕೂತಿದ್ದಾಗ ನಾನೇ ಕೇಳಿದೆ. ತೋಟ ಯಾರ ಹೆಸರಿಗೆ ಬರೀಬೇಕು ಆಯಿ ಅಂತ. ಇಷ್ಟು ದಿನ ಯಾರೂ ಆಕೆಯನ್ನು ಕೇಳಿರಲಿಲ್ಲ. ಆಯಿ ತುಂಬಾ ಹೊತ್ತು ಯೋಚಿಸಿದಳು. ಆಮೇಲೆ, ಇಂಥ ಮಾತು ಒಬ್ಬಳೇ ಹೇಳಬಾರದು, ಮುತ್ಯಾ ಹೊಲದಿಂದ ಬರಲಿ, ಕೇಳಿ ಹೇಳ್ತೀನಿ ಅಂದಳು. ಮುತ್ಯಾ ತೀರಿ ಹನ್ನೊಂದು ವರ್ಷ.

ದಾನಪತ್ರದ ಕರಡು ಇನ್ನೂ ಕಾಕಾನ ಬೈಕಿನ ಡಿಕ್ಕಿಯಲ್ಲಿದೆ.